ಅಂಗಾಂಶದ ರೋಹಿತ ತಪ್ಪು ಬಂದಾಗ: ಬೆಳಕಿನ ಹೀರಿಕೆ ಅಳತೆಯ ದೋಷ ನಿವಾರಣೆ ಕೈಪಿಡಿ

ರಕ್ತ, ಕೊಬ್ಬು, ಮೆಲನಿನ್, ನೀರು, ಪ್ರೋಟೀನ್. ಇವು ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತವೆ ಎಂದು ತೋರಿಸುವ ರೇಖೆಯೇ ರೋಹಿತ. ಅದನ್ನು ಅಳೆಯುವಾಗ ಯಂತ್ರ (ಸ್ಪೆಕ್ಟ್ರೋಫೋಟೋಮೀಟರ್) ಹೀರಿಕೆಯನ್ನು ನೇರವಾಗಿ ನೋಡುವುದೇ ಇಲ್ಲ. ಬ್ಲಾಂಕ್ (ಅಳೆಯಬೇಕಾದ ವಸ್ತು ಇಲ್ಲದ, ಹೋಲಿಕೆಗೆ ಇಡುವ ದ್ರವ) ಇಟ್ಟಾಗ ಡಿಟೆಕ್ಟರ್‌ಗೆ ಎಷ್ಟು ಬೆಳಕು ತಲುಪಿತು, ಸ್ಯಾಂಪಲ್ ಇಟ್ಟಾಗ ಎಷ್ಟು ತಲುಪಿತು ಎಂಬ ಎರಡು ಲೆಕ್ಕವಷ್ಟೇ ಅದಕ್ಕೆ ಗೊತ್ತು. ಕಡಿಮೆ ಬಿದ್ದ ಬೆಳಕನ್ನೆಲ್ಲ ಅದು ಹೀರಿಕೆಯ ಖಾತೆಗೆ ಬರೆದುಬಿಡುತ್ತದೆ.

ಬೆಳಕು ಕಾಣೆಯಾಗಲು ದಾರಿಗಳು ಹಲವು. ಅಣು ಹೀರಿಕೊಂಡಿರಬಹುದು. ಜೀವಕೋಶಕ್ಕೋ ಕೊಬ್ಬಿನ ಹನಿಗೋ ತಾಗಿ ಪಕ್ಕಕ್ಕೆ ಚದುರಿರಬಹುದು. ಕ್ಯುವೆಟ್ (ದ್ರಾವಣ ತುಂಬಿಡುವ ಪಾರದರ್ಶಕ ಪುಟ್ಟ ಪಾತ್ರೆ) ಗೋಡೆಯಿಂದ ಪ್ರತಿಫಲಿಸಿ ಹಿಂದಕ್ಕೆ ಹೋಗಿರಬಹುದು, ಅಂಗಾಂಶದ ತುಣುಕಿನ ಅಂಚಿನಿಂದ ಸೋರಿರಬಹುದು. ಇದರ ಉಲ್ಟಾ ಕೂಡ ಆಗುತ್ತದೆ: ಬರಬಾರದ ಬೆಳಕು ಡಿಟೆಕ್ಟರ್‌ಗೆ ಬಂದು, ಇರುವ ಹೀರಿಕೆಯನ್ನೂ ಮುಚ್ಚಿಹಾಕುತ್ತದೆ. ರೋಹಿತ ಕೆಟ್ಟಾಗ ‘ಯಂತ್ರ ಸರಿಯಿಲ್ಲ’ ಎನ್ನುವ ಮೊದಲು ‘ಬೆಳಕು ಎಲ್ಲಿಗೆ ಹೋಯಿತು’ ಎಂದು ಕೇಳಬೇಕು. ಈ ಕೈಪಿಡಿಯ ಎಲ್ಲ ಪರೀಕ್ಷೆಗಳೂ ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳೇ.

ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಸಾಮಾನ್ಯವಾಗಿ 660 ಮತ್ತು 940 ನ್ಯಾನೋಮೀಟರ್‌ಗಳ ಹೀರಿಕೆಯನ್ನು ಹೋಲಿಸಿ ಆಮ್ಲಜನಕದ ಪ್ರಮಾಣ ಹೇಳುತ್ತದೆ. ಚರ್ಮಕ್ಕೆ ಎಷ್ಟು ಲೇಸರ್ ಶಕ್ತಿ ಕೊಡಬೇಕೆಂಬ ಲೆಕ್ಕವೂ ಇಂಥ ರೋಹಿತಗಳನ್ನೇ ನಂಬಿಕೊಂಡಿದೆ. ಪ್ರಯೋಗಾಲಯದಲ್ಲಿ ಹುಟ್ಟಿದ ತಪ್ಪು ಅಲ್ಲಿಯೇ ಉಳಿಯುವುದಿಲ್ಲ.

ಮೊದಲು ಮಾಡಬೇಕಾದ ಎರಡು ಪರೀಕ್ಷೆ

ದೋಷ ಯಾವುದೇ ಇರಲಿ, ಇವೆರಡರಿಂದ ಶುರುಮಾಡಿ. ಹತ್ತು ನಿಮಿಷದ ಕೆಲಸ, ಅರ್ಧಕ್ಕರ್ಧ ಅನುಮಾನ ಇಲ್ಲಿಯೇ ಕಳೆಯುತ್ತದೆ.

ಒಂದು, ಬೆಳಕಿನ ದಾರಿಯನ್ನು ಅರ್ಧ ಮಾಡುವುದು. 10 ಮಿ.ಮೀ. ಕ್ಯುವೆಟ್‌ನಲ್ಲಿದ್ದ ದ್ರಾವಣವನ್ನೇ 5 ಮಿ.ಮೀ. ಕ್ಯುವೆಟ್‌ಗೆ ಹಾಕಿ ಅಳೆಯಿರಿ. ಬೂಗೇರ್ 1729ರಲ್ಲಿ, ಲ್ಯಾಂಬರ್ಟ್ 1760ರಲ್ಲಿ, ಬಿಯರ್ 1852ರಲ್ಲಿ ಕಟ್ಟಿಕೊಟ್ಟ ನಿಯಮದ ಪ್ರಕಾರ ಅಬ್ಸಾರ್ಬೆನ್ಸ್ (ಹೀರಿಕೆಯ ಲಾಗರಿದಮ್ ಅಳತೆ: 1 ಎಂದರೆ ಬೆಳಕಿನ ಹತ್ತನೇ ಒಂದು ಪಾಲು, 2 ಎಂದರೆ ನೂರನೇ ಒಂದು ಪಾಲು ಮಾತ್ರ ದಾಟಿದೆ) ಎಲ್ಲ ತರಂಗಾಂತರದಲ್ಲೂ ಅರ್ಧವಾಗಬೇಕು. ದೊಡ್ಡ ಪೀಕ್‌ಗಳು (ರೇಖೆಯ ಶಿಖರಗಳು) ಮಾತ್ರ ಅರ್ಧಕ್ಕಿಂತ ಹೆಚ್ಚು ಉಳಿದರೆ ಅಡ್ಡಬೆಳಕಿನ ತೊಂದರೆ, ಅಂದರೆ ಆರಿಸಿದ ತರಂಗಾಂತರವಲ್ಲದ ಬೆಳಕು ಡಿಟೆಕ್ಟರ್ ಸೇರುತ್ತಿದೆ. ರೇಖೆಯ ಉದ್ದಕ್ಕೂ ಒಂದೇ ಮೊತ್ತ ಉಳಿದುಕೊಂಡರೆ ಅದು ದ್ರಾವಣದ್ದಲ್ಲ, ಗೋಡೆಯ ಪ್ರತಿಫಲನದ್ದು ಅಥವಾ ಕ್ಯುವೆಟ್ ಮೇಲಿನ ಕೊಳೆಯದ್ದು.

ಎರಡು, ಕ್ಯುವೆಟ್ ಅನ್ನು ಡಿಟೆಕ್ಟರ್ ಹತ್ತಿರಕ್ಕೆ ಸರಿಸುವುದು. ಮೊದಲ ಪರೀಕ್ಷೆ ಚದುರಿಕೆಯನ್ನು ಹಿಡಿಯಲಾರದು, ಏಕೆಂದರೆ ದಾರಿ ಅರ್ಧವಾದರೆ ಚದುರಿ ಹೋಗುವ ಬೆಳಕೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ತಗ್ಗುತ್ತದೆ. ಹೀರಿದ ಬೆಳಕು ಮಾತ್ರ ಡಿಟೆಕ್ಟರ್ ಎಲ್ಲಿದ್ದರೂ ಸಿಗುವುದಿಲ್ಲ. ಚದುರಿದ ಬೆಳಕು ಡಿಟೆಕ್ಟರ್ ಹತ್ತಿರವಾದಷ್ಟೂ ಹೆಚ್ಚು ಸಿಗುತ್ತದೆ. ಕ್ಯುವೆಟ್ ಸರಿಸಿದ್ದಕ್ಕೆ ರೇಖೆ ಕೆಳಗಿಳಿದರೆ ನೀವು ಇಷ್ಟು ಹೊತ್ತು ಅಳೆದದ್ದರಲ್ಲಿ ಒಂದು ಪಾಲು ಚದುರಿಕೆ. ಇಂಟಿಗ್ರೇಟಿಂಗ್ ಸ್ಫಿಯರ್ (ಚದುರಿದ ಬೆಳಕನ್ನೂ ಒಟ್ಟುಗೂಡಿಸುವ, ಒಳಗೆ ಬಿಳಿ ಲೇಪವಿರುವ ಟೊಳ್ಳು ಗೋಳ) ಇದ್ದರೆ ಅದರ ಪ್ರವೇಶದ್ವಾರಕ್ಕೆ ಕ್ಯುವೆಟ್ ತಾಗಿಸಿ ಅಳೆಯುವುದು ಇನ್ನೂ ಒಳ್ಳೆಯದು.

ಈ ಎರಡರ ಫಲಿತಾಂಶ ಕೈಗೆ ಬರುವವರೆಗೆ ಸಾಫ್ಟ್‌ವೇರ್‌ನ ಬೇಸ್‌ಲೈನ್ (ತಳರೇಖೆ) ತಿದ್ದುಪಡಿ, ಸ್ಮೂದಿಂಗ್ ಯಾವುದನ್ನೂ ಮುಟ್ಟಬೇಡಿ. ನಯವಾದ ರೇಖೆ ನೋಡಲು ಚೆನ್ನ, ಆದರೆ ದೋಷದ ಗುರುತುಗಳನ್ನು ಅದು ಅಳಿಸಿಬಿಡುತ್ತದೆ.

ಲಕ್ಷಣ: ಹಿಮೋಗ್ಲೋಬಿನ್ನಿನ ನೀಲಿ ಪೀಕ್ ಚಪ್ಪಟೆಯಾಗಿದೆ

ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೆ 415 ನ್ಯಾ.ಮೀ. ಆಸುಪಾಸಿನಲ್ಲಿ ಎತ್ತರದ, ಕಿರಿದಾದ ಪೀಕ್ ಇರಬೇಕು, ಅದಕ್ಕೆ ಸೋರೆ (Soret) ಪೀಕ್ ಎನ್ನುತ್ತಾರೆ. ಅದರ ಬದಲು ತಲೆ ಕತ್ತರಿಸಿದಂತೆ ಮಟ್ಟಸವಾದ ರೇಖೆ ಬಂದರೆ ಕಾರಣ ಹೆಚ್ಚಾಗಿ ಒಂದೇ. ದ್ರಾವಣ ತೀರಾ ಗಾಢವಾಗಿದೆ, ಬೆಳಕು ಬಹುತೇಕ ಪೂರ್ತಿ ನಿಂತಿದೆ, ಡಿಟೆಕ್ಟರ್ ಓದುತ್ತಿರುವುದು ಅಡ್ಡಬೆಳಕನ್ನು.

ಲೆಕ್ಕ ಹಾಕಿ ನೋಡಿ. ರಕ್ತದಲ್ಲಿ ಲೀಟರಿಗೆ 150 ಗ್ರಾಂ ಹಿಮೋಗ್ಲೋಬಿನ್ ಇದೆ ಎಂದುಕೊಳ್ಳೋಣ. ಅಣುತೂಕ ಸುಮಾರು 64,500. ಅಂದರೆ ಲೀಟರಿಗೆ 0.0023 ಮೋಲ್. ಸೋರೆ ಪೀಕ್‌ನಲ್ಲಿ ಮೋಲಾರ್ ಹೀರಿಕೆ ಗುಣಾಂಕ (ಲೀಟರಿಗೆ ಒಂದು ಮೋಲ್ ಇದ್ದಾಗ 1 ಸೆಂ.ಮೀ. ದಾರಿಯ ಅಬ್ಸಾರ್ಬೆನ್ಸ್) 5.2 ಲಕ್ಷದ ಹತ್ತಿರ. ರಕ್ತಕಣಗಳನ್ನು ಒಡೆದು, ನೀರು ಬೆರೆಸಿ ತೆಳುಮಾಡದೆ 10 ಮಿ.ಮೀ. ಕ್ಯುವೆಟ್‌ಗೆ ಹಾಕಿದರೆ ನಿಜವಾದ ಅಬ್ಸಾರ್ಬೆನ್ಸ್ 1,200 ದಾಟುತ್ತದೆ. ಯಾವ ಯಂತ್ರವೂ ಇದನ್ನು ಓದಲಾರದು. ಸಾವಿರ ಪಾಲಿಗೆ ತೆಳುಮಾಡಿದರೆ 1.2ಕ್ಕೆ ಇಳಿಯುತ್ತದೆ, ಆಗ ಅಳೆಯಬಹುದು. ಆದರೆ ಅದೇ ತೆಳು ದ್ರಾವಣದಲ್ಲಿ 542 ಮತ್ತು 577 ನ್ಯಾ.ಮೀ.ಗಳ ಜೋಡಿ ಪೀಕ್‌ಗಳು ಸೋರೆಯ ಹತ್ತನೇ ಒಂದು ಪಾಲಿನಷ್ಟೇ ಇರುತ್ತವೆ, 0.12ರ ಸುಮಾರಿಗೆ. ಅವುಗಳಿಗೆ ನೂರು ಪಾಲಿನ ತೆಳುಮಾಡುವಿಕೆ ಸರಿ. 800 ನ್ಯಾ.ಮೀ.ಗೆ ಬಂದರೆ ಗುಣಾಂಕ ಬರೀ 800 ಚಿಲ್ಲರೆ. ಅಲ್ಲಿ ತೆಳುಮಾಡದ ದ್ರಾವಣವೇ 10 ಮಿ.ಮೀ.ನಲ್ಲಿ 1.9 ಕೊಡುತ್ತದೆ.

ಹಾಗಾಗಿ ಒಂದೇ ಕ್ಯುವೆಟ್, ಒಂದೇ ಸಾಂದ್ರತೆ ಇಟ್ಟುಕೊಂಡು 400ರಿಂದ 1000ದವರೆಗೆ ಓಡಿಸಿದ ಹಿಮೋಗ್ಲೋಬಿನ್ ರೋಹಿತವನ್ನು ನಾನು ನಂಬುವುದಿಲ್ಲ. ಒಂದು ತುದಿ ಮುಳುಗಿರುತ್ತದೆ, ಇಲ್ಲವೇ ಇನ್ನೊಂದು ತುದಿ ಗದ್ದಲದಲ್ಲಿ ಕಳೆದುಹೋಗಿರುತ್ತದೆ. ಕನಿಷ್ಠ ಮೂರು ಸಾಂದ್ರತೆಗಳಲ್ಲಿ ಅಳೆದು, ಒಂದರ ಮೇಲೊಂದು ಹಾಯುವ ಭಾಗಗಳಲ್ಲಿ ಕೂಡುತ್ತವೆಯೇ ಎಂದು ನೋಡಿ ಜೋಡಿಸಬೇಕು. ಕೂಡದಿದ್ದರೆ ಬಲವಂತವಾಗಿ ಗುಣಿಸಿ ಕೂಡಿಸಬೇಡಿ. ಕೂಡದಿರುವುದೇ ಒಂದು ಸುಳಿವು.

ಅಡ್ಡಬೆಳಕು ಎಷ್ಟಿದೆ ಎಂದು ತಿಳಿಯಲು 500 ನ್ಯಾ.ಮೀ.ಗಿಂತ ಕೆಳಗಿನದನ್ನು ಪೂರ್ತಿ ತಡೆಯುವ ಗಾಜಿನ ಫಿಲ್ಟರ್ ಇಟ್ಟು 415ರಲ್ಲಿ ಓದಿ. ಬರುವ ಅಬ್ಸಾರ್ಬೆನ್ಸೇ ನಿಮ್ಮ ಯಂತ್ರದ ಮೇಲ್ಮಿತಿ. ಅಡ್ಡಬೆಳಕು ಶೇ. 0.1 ಇದ್ದರೆ ಯಂತ್ರ 3ಕ್ಕಿಂತ ಮೇಲೆ ಹೋಗುವುದೇ ಇಲ್ಲ. ಅಷ್ಟೇ ಅಲ್ಲ, ಅದಕ್ಕೂ ಬಹಳ ಮೊದಲೇ ಸುಳ್ಳು ಶುರುವಾಗುತ್ತದೆ: ನಿಜವಾದ 2 ಇದ್ದ ಕಡೆ 1.96, ನಿಜವಾದ 3 ಇದ್ದ ಕಡೆ 2.7 ತೋರಿಸುತ್ತದೆ. ಚಪ್ಪಟೆಯಾದ ಪೀಕ್ ಕಣ್ಣಿಗೆ ಬೀಳುತ್ತದೆ, 1.96 ಬೀಳುವುದಿಲ್ಲ. ಅಳತೆಯನ್ನು 0.2ರಿಂದ 1.2ರ ನಡುವೆ ಇಟ್ಟುಕೊಳ್ಳುವ ಅಭ್ಯಾಸ ಇದಕ್ಕೇ.

ಸಾಂದ್ರತೆ ಸರಿಯಿದ್ದೂ ಪೀಕ್ ಕುಗ್ಗಿದ್ದರೆ ಎರಡು ಕಡೆ ನೋಡಿ. ಸ್ಲಿಟ್ (ಬೆಳಕು ಹಾಯುವ ಸೀಳು) ಅಗಲವಾಗಿದೆಯೇ? 8 ಅಥವಾ 10 ನ್ಯಾ.ಮೀ. ಬ್ಯಾಂಡ್‌ವಿಡ್ತ್‌ನಲ್ಲಿ (ಒಮ್ಮೆಗೆ ಹಾಯುವ ತರಂಗಾಂತರಗಳ ಹರವು) 577ರ ಪೀಕ್ ತಗ್ಗುತ್ತದೆ, ಅದರ ಪಕ್ಕದ 560ರ ತಗ್ಗು ಮೇಲೇಳುತ್ತದೆ. 2 ನ್ಯಾ.ಮೀ. ಇಲ್ಲವೇ ಅದಕ್ಕೂ ಕಡಿಮೆ ಇಟ್ಟು ಮತ್ತೆ ಓಡಿಸಿ. ಅಲ್ಲೂ ಬದಲಾಗದಿದ್ದರೆ ಕೆಂಪು ರಕ್ತಕಣಗಳು ಒಡೆದಿಲ್ಲ ಎಂದು ತಿಳಿಯಿರಿ. ಹಿಮೋಗ್ಲೋಬಿನ್ 7–8 ಮೈಕ್ರೋಮೀಟರ್ ಅಗಲದ ಕಣಗಳೊಳಗೆ ಗುಡ್ಡೆಯಾಗಿ ಕೂತಿರುವಾಗ ಬೆಳಕಿನ ಒಂದು ಪಾಲು ಕಣಗಳ ನಡುವಿನ ಖಾಲಿ ಜಾಗದಲ್ಲಿ ತಪ್ಪಿಸಿಕೊಂಡು ಹೋಗುತ್ತದೆ, ಜರಡಿಯ ಕಣ್ಣಿನಿಂದ ಹಿಟ್ಟು ಇಳಿದಂತೆ. ಹೀರಿಕೆ ಬಲವಾಗಿರುವ ತರಂಗಾಂತರದಲ್ಲೇ ಈ ನಷ್ಟ ಜಾಸ್ತಿ, ಆದ್ದರಿಂದ ಸೋರೆ ಪೀಕ್ ಉಳಿದವುಗಳಿಗೆ ಹೋಲಿಸಿದರೆ ಕುಳ್ಳಾಗಿ ಕಾಣುತ್ತದೆ. ಶುದ್ಧ ನೀರಿನಲ್ಲಿ ಕಣಗಳನ್ನು ಒಡೆದು, ಸೆಂಟ್ರಿಫ್ಯೂಜ್‌ನಲ್ಲಿ ಪೊರೆಗಳನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಅಳೆಯಿರಿ. ಪೀಕ್ ಏರಿದರೆ ಉತ್ತರ ಸಿಕ್ಕಿತು. ಜೀವಂತ ಚರ್ಮದಲ್ಲಿ ರಕ್ತನಾಳಗಳೂ ಇದೇ ಪರಿಣಾಮ ಕೊಡುತ್ತವೆ. ಅಲ್ಲಿ ಒಡೆದು ನೋಡುವಂತಿಲ್ಲ, ಲೆಕ್ಕದಲ್ಲೇ ತಿದ್ದಬೇಕು.

ಲಕ್ಷಣ: ಪೀಕ್ ಇರಬೇಕಾದ ಜಾಗದಲ್ಲಿಲ್ಲ

ಇಲ್ಲಿ ಯಂತ್ರವನ್ನೂ ರಸಾಯನವನ್ನೂ ಬೇರ್ಪಡಿಸಬೇಕು. ಹೋಲ್ಮಿಯಂ ಆಕ್ಸೈಡ್ ದ್ರಾವಣದ ಪೀಕ್‌ಗಳು 361.3, 416.3, 451.4, 485.2, 536.6 ಮತ್ತು 640.5 ನ್ಯಾ.ಮೀ.ಗಳಲ್ಲಿ ಬರಬೇಕು. ಡ್ಯುಟೀರಿಯಂ ದೀಪವಿದ್ದರೆ ಅದರ 486.0 ಮತ್ತು 656.1ರ ರೇಖೆಗಳೂ ಸಾಕ್ಷಿ ಹೇಳುತ್ತವೆ. ಇವು ಸರಿಯಾಗಿದ್ದರೆ ಯಂತ್ರದ ಮೇಲಿನ ಅನುಮಾನ ಬಿಡಿ, ಬಾಟಲಿಯೊಳಗೆ ನೋಡಿ.

ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್‌ನ ಸೋರೆ ಪೀಕ್ 430 ದಾಟುತ್ತದೆ, 542 ಮತ್ತು 577ರ ಜೋಡಿ ಮಾಯವಾಗಿ 555ರಲ್ಲಿ ಒಂದೇ ಉಬ್ಬು ಉಳಿಯುತ್ತದೆ, 760ರ ಹತ್ತಿರ ಒಂದು ಸಣ್ಣ ಉಬ್ಬು ಮೂಡುತ್ತದೆ. ರಕ್ತ ಹಳೆಯದಾಗಿದ್ದರೆ ಕಬ್ಬಿಣ ಉತ್ಕರ್ಷಣಗೊಂಡು ಮೆಟ್‌ಹಿಮೋಗ್ಲೋಬಿನ್ ಆಗುತ್ತದೆ: ಸೋರೆ 405ರ ಕಡೆಗೆ ಜಾರುತ್ತದೆ, 500 ಮತ್ತು 630ರಲ್ಲಿ ಹೊಸ ಪೀಕ್‌ಗಳು ಏಳುತ್ತವೆ, ದ್ರಾವಣ ಕಂದುಬಣ್ಣಕ್ಕೆ ತಿರುಗುತ್ತದೆ. 630ರ ಉಬ್ಬು ಕಂಡರೆ ಆ ಸ್ಯಾಂಪಲ್ ಬಿಟ್ಟುಬಿಡಿ, ಲೆಕ್ಕದಲ್ಲಿ ಕಳೆದು ಉಳಿಸಿಕೊಳ್ಳುವ ಆಸೆ ಬೇಡ. ಒಂದು ಬಲೆ ಇದೆ. ಕ್ಷಾರೀಯ ದ್ರಾವಣದಲ್ಲಿ ಮೆಟ್‌ಹಿಮೋಗ್ಲೋಬಿನ್ 540 ಮತ್ತು 575ರ ಸುಮಾರಿಗೆ ಪೀಕ್ ತೋರಿಸುತ್ತದೆ, ಒಂದು ನೋಟಕ್ಕೆ ಆಮ್ಲಜನಕಯುಕ್ತ ಹಿಮೋಗ್ಲೋಬಿನ್ನೇ ಅನ್ನಿಸುತ್ತದೆ. ಬಫರ್‌ನ ಪಿಎಚ್ ಅಳೆಯದೆ ಅದನ್ನು ‘ತಾಜಾ ಆದರೆ ತೆಳು’ ಎಂದು ಬರೆದುಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. ಪಿಎಚ್ 7.4ರ ಬಫರ್ ಬಳಸಿದರೆ ಈ ಗೊಂದಲ ಬಹುಪಾಲು ತಪ್ಪುತ್ತದೆ.

ಆಮ್ಲಜನಕ ತೆಗೆಯಲು ಸೋಡಿಯಂ ಡೈಥಯೋನೈಟ್ ಹಾಕಿದ ಮೇಲೂ 577ರಲ್ಲಿ ಭುಜದಂತೆ ಉಬ್ಬು ಉಳಿದಿದ್ದರೆ ಪುಡಿ ಹಳೆಯದಾಗಿ ಸತ್ವ ಕಳೆದುಕೊಂಡಿದೆ, ಇಲ್ಲವೇ ಮುಚ್ಚಳ ಸರಿಯಾಗಿ ಕೂತಿಲ್ಲ. ಆದರೆ ಭುಜವಲ್ಲ, 539 ಮತ್ತು 569ರಲ್ಲಿ ಸ್ಪಷ್ಟವಾದ ಎರಡು ಪೀಕ್ ಉಳಿದಿದ್ದರೆ ಅದು ಕಾರ್ಬನ್ ಮೋನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್. ಡೈಥಯೋನೈಟ್ ಅದನ್ನು ಬಿಡಿಸಲಾರದು. ರಕ್ತ ಕೊಟ್ಟವರು ಧೂಮಪಾನಿಯಾಗಿದ್ದರೂ ಅದರ ಒಂದು ಪಾಲು ಇರುತ್ತದೆ. ಇನ್ನೊಂದು ಮಾತು: ಡೈಥಯೋನೈಟ್ ತಾನೇ 315 ನ್ಯಾ.ಮೀ. ಸುತ್ತ ಬಲವಾಗಿ ಹೀರುತ್ತದೆ, ಆ ಭಾಗದ ರೋಹಿತವನ್ನು ಹಿಮೋಗ್ಲೋಬಿನ್ನಿನದೆಂದು ಓದಬೇಡಿ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಇಲ್ಲಿಯೇ ಇದೆ. ಒಂದೇ ದ್ರಾವಣವನ್ನು ಆಮ್ಲಜನಕದೊಂದಿಗೆ ಒಮ್ಮೆ, ತೆಗೆದು ಒಮ್ಮೆ ಅಳೆದು ಎರಡು ರೇಖೆಗಳನ್ನು ಒಂದರ ಮೇಲೊಂದು ಇಡಿ. ಅವು 545, 570, 584ರಲ್ಲಿ ಮತ್ತು 800ರ ಹತ್ತಿರ ಒಂದನ್ನೊಂದು ದಾಟಬೇಕು. ಎಲ್ಲ ದಾಟುಬಿಂದುಗಳೂ ಒಂದೇ ದಿಕ್ಕಿಗೆ, ಒಂದೇ ಅಂತರ ಸರಿದಿದ್ದರೆ ತರಂಗಾಂತರದ ಮಾಪನ ತಪ್ಪಿದೆ. 545ರದ್ದು ಎಡಕ್ಕೆ, 570ರದ್ದು ಬಲಕ್ಕೆ, 584ರದ್ದು ಮತ್ತೆ ಎಡಕ್ಕೆ ಹೀಗೆ ಬಿಟ್ಟು ಬಿಟ್ಟು ಸರಿದಿದ್ದರೆ ಯಂತ್ರ ನಿರ್ದೋಷಿ, ಎರಡನೆಯ ರೇಖೆ ಮೇಲಕ್ಕೆದ್ದಿದೆ: ಸಾಂದ್ರತೆ ಬದಲಾಗಿದೆ, ಅಥವಾ ದ್ರಾವಣ ಮಬ್ಬಾಗಿ ಚದುರಿಕೆ ಹೆಚ್ಚಿದೆ. ಒಂದೇ ಚಿತ್ರದಿಂದ ಎರಡು ದೋಷಗಳನ್ನು ಇಷ್ಟು ಚೆನ್ನಾಗಿ ಬೇರ್ಪಡಿಸುವ ಇನ್ನೊಂದು ಉಪಾಯ ನಾನು ಕಂಡಿಲ್ಲ.

ಲಕ್ಷಣ: ನೀಲಿ ಕಡೆಗೆ ಏರುತ್ತ ಹೋಗುವ ಇಳಿಜಾರು

ಪೀಕ್ ಇಲ್ಲದೆ, ಕೆಂಪಿನಿಂದ ನೀಲಿಯ ಕಡೆಗೆ ರೇಖೆ ಒಂದೇ ಸಮ ಏರುತ್ತಿದ್ದರೆ ಎರಡು ಸಾಧ್ಯತೆ: ಮೆಲನಿನ್, ಇಲ್ಲವೇ ಚದುರಿಕೆ. ಇವೆರಡೂ ಆಕಾರದಲ್ಲಿ ಅವಳಿಗಳು. ಮೆಲನಿನ್‌ನ ಹೀರಿಕೆ ತರಂಗಾಂತರದ ಮೂರನೇ ಘಾತದ ಸುಮಾರಿಗೆ ವಿಲೋಮವಾಗಿ ಬದಲಾಗುತ್ತದೆ, ತೀರಾ ಸಣ್ಣ ಕಣಗಳ ಚದುರಿಕೆ ನಾಲ್ಕನೇ ಘಾತದಂತೆ, ಸ್ವಲ್ಪ ದೊಡ್ಡ ಕಣಗಳದ್ದು ಇನ್ನೂ ನಿಧಾನವಾಗಿ. ರೇಖೆಗೆ ಘಾತ ಹೊಂದಿಸಿ ‘ಇದು ಮೆಲನಿನ್’ ಎಂದು ತೀರ್ಮಾನಿಸುವುದು ಸಲ್ಲದು.

ತೀರ್ಪು ಕೊಡುವುದು ಮೊದಲು ಹೇಳಿದ ಎರಡನೇ ಪರೀಕ್ಷೆ. ಕ್ಯುವೆಟ್ ಅನ್ನು ಸ್ಫಿಯರ್ ಬಾಯಿಗೆ ತಂದಾಗ ಇಳಿಜಾರು ಕುಸಿದರೆ ಚದುರಿಕೆ, ನಿಂತರೆ ಹೀರಿಕೆ. ಮೆಲನಿನ್ ಕಣಗಳು ಹೀರುತ್ತಲೇ ಚದುರಿಸುವುದರಿಂದ ಅರ್ಧ ಕುಸಿಯುವುದೂ ಉಂಟು. ಆಗ ಮೆಲನಿನ್ ಅನ್ನು ಕ್ಷಾರದಲ್ಲಿ ಕರಗಿಸಿ ಮತ್ತೆ ಅಳೆದರೆ ಕಣಗಳ ಪಾತ್ರ ಕಡಿಮೆಯಾಗುತ್ತದೆ. ರಕ್ತದ ದ್ರಾವಣದಲ್ಲಿ ಇಂಥ ಇಳಿಜಾರು ಬಂದರೆ ಮೆಲನಿನ್ ಮಾತೇ ಬೇಡ, ಕಣಪೊರೆಗಳ ಚೂರು ಉಳಿದಿವೆ. ಇನ್ನೊಮ್ಮೆ, ಇನ್ನೂ ವೇಗವಾಗಿ ಸೆಂಟ್ರಿಫ್ಯೂಜ್ ಮಾಡಿ.

ಲಕ್ಷಣ: ಸಮೀಪ ಅವಕೆಂಪಿನಲ್ಲಿ ಹೀರಿಕೆ ಸೊನ್ನೆಗಿಂತ ಕೆಳಗೆ ಹೋಗಿದೆ

ಸೊನ್ನೆಗಿಂತ ಕಡಿಮೆ ಹೀರಿಕೆ ಎಂಬುದು ಇಲ್ಲ. ಬ್ಲಾಂಕ್ ಸ್ಯಾಂಪಲ್‌ಗಿಂತ ಹೆಚ್ಚು ಬೆಳಕು ತಿಂದಿದೆ ಎಂದಷ್ಟೇ ಇದರರ್ಥ. ಎಲ್ಲಿ, ಯಾವ ಆಕಾರದಲ್ಲಿ ಕೆಳಗಿಳಿದಿದೆ ಎಂಬುದರಲ್ಲಿ ಕಾರಣ ಅಡಗಿದೆ.

ಉದ್ದಕ್ಕೂ 0.03ರಷ್ಟು ಮಟ್ಟಸವಾಗಿ ಕೆಳಗಿದ್ದರೆ ಖಾಲಿ ಕ್ಯುವೆಟ್ ಅನ್ನು ಬ್ಲಾಂಕ್ ಮಾಡಿದ್ದೀರಿ. ಗಾಳಿ ತುಂಬಿದ ಕ್ಯುವೆಟ್‌ನ ಒಳಗಿನ ಎರಡು ಗೋಡೆಗಳು ಶೇ. 3.5ರ ಹತ್ತಿರ ಬೆಳಕನ್ನು ತಲಾ ಪ್ರತಿಫಲಿಸುತ್ತವೆ. ದ್ರವ ತುಂಬಿದರೆ ಆ ಪ್ರತಿಫಲನ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

970, 1200, 1450ರಲ್ಲಿ, ಅಂದರೆ ಸರಿಯಾಗಿ ನೀರಿನ ಪೀಕ್‌ಗಳ ಜಾಗದಲ್ಲಿ ತಲೆಕೆಳಗಾದ ಪೀಕ್ ಬಂದಿದ್ದರೆ ಅದು ಜಾಗ ಬಿಟ್ಟುಕೊಟ್ಟ ನೀರಿನ ಲೆಕ್ಕ. ಒಂದು ಗ್ರಾಂ ಪ್ರೋಟೀನ್ ದ್ರಾವಣದಲ್ಲಿ ಸುಮಾರು 0.75 ಮಿ.ಲೀ. ಜಾಗ ಹಿಡಿಯುತ್ತದೆ. ಲೀಟರಿಗೆ 150 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಶೇ. 11ರಷ್ಟು ನೀರು ಆಚೆ ಹೋಗಿದೆ. ಬ್ಲಾಂಕ್‌ನಲ್ಲಿ ಮಾತ್ರ ಪೂರ್ತಿ ನೀರಿದೆ. 1450ರಲ್ಲಿ 1 ಮಿ.ಮೀ. ನೀರಿನ ಅಬ್ಸಾರ್ಬೆನ್ಸ್ 1.2ರ ಆಸುಪಾಸು. ಅದರ ಶೇ. 11 ಎಂದರೆ 0.13ರಷ್ಟು ಕೆಳಗಿಳಿತ. ಇದನ್ನು ಬೇಸ್‌ಲೈನ್ ಎತ್ತಿ ಸರಿಪಡಿಸಲು ಹೋಗಬೇಡಿ. ನೀರನ್ನೂ ದ್ರಾವಣವನ್ನೂ ಬೇರೆಬೇರೆಯಾಗಿ ಅಳೆದು, ನೀರಿನ ರೋಹಿತವನ್ನು 0.89ರಿಂದ ಗುಣಿಸಿ ಆಮೇಲೆ ಕಳೆಯಿರಿ.

ಒಂದೇ ಪೀಕ್‌ನ ಒಂದು ಪಕ್ಕ ಮೇಲಕ್ಕೂ ಇನ್ನೊಂದು ಪಕ್ಕ ಕೆಳಕ್ಕೂ ಹೊರಳಿದ್ದರೆ ಉಷ್ಣತೆ ಕಾರಣ. ನೀರು ಬಿಸಿಯಾದಂತೆ ಹೈಡ್ರೋಜನ್ ಬಂಧಗಳು ಸಡಿಲವಾಗಿ ಅದರ ಪೀಕ್ ಕಿರಿಯ ತರಂಗಾಂತರದ ಕಡೆಗೆ ಸರಿಯುತ್ತದೆ. ಫ್ರಿಜ್‌ನಿಂದ ತೆಗೆದ ಸ್ಯಾಂಪಲ್, ಕೋಣೆಯ ಬಿಸಿಯಲ್ಲಿದ್ದ ಬ್ಲಾಂಕ್, ದೀಪದ ಬಿಸಿಗೆ ನಿಧಾನವಾಗಿ ಕಾಯುತ್ತಿರುವ ಯಂತ್ರದ ಒಳಾಂಗಣ, ಇಷ್ಟು ಸಾಕು. ಎರಡನ್ನೂ ಉಷ್ಣತೆ ಕಾಯ್ದುಕೊಳ್ಳುವ ಹೋಲ್ಡರ್‌ನಲ್ಲಿ ಇಟ್ಟು, ಸಮನಾಗುವವರೆಗೆ ಕಾದು ಅಳೆಯಿರಿ. ತಣ್ಣನೆಯ ದ್ರವ ಬಿಸಿಯಾಗುವಾಗ ಗೋಡೆಗೆ ಅಂಟುವ ಗಾಳಿಗುಳ್ಳೆಗಳನ್ನೂ ನೋಡಿಕೊಳ್ಳಿ.

ನೀರಿಗೆ ದಾರಿಯ ಉದ್ದ ಆರಿಸುವುದೇ ಅರ್ಧ ಕೆಲಸ. ನೀಲಿ ಬೆಳಕಿಗೆ 10 ಮಿ.ಮೀ. ನೀರು ಇದ್ದೂ ಇಲ್ಲದಂತೆ. 970ರಲ್ಲಿ ಅದೇ 10 ಮಿ.ಮೀ. 0.2 ಕೊಡುತ್ತದೆ, 1450ಕ್ಕೆ 1 ಮಿ.ಮೀ. ಬೇಕು, 1940ಕ್ಕೆ 0.1 ಮಿ.ಮೀ., 2940ರ ಹತ್ತಿರ ಒಂದೆರಡು ಮೈಕ್ರೋಮೀಟರ್‌ಗಿಂತ ದಪ್ಪವಿದ್ದರೆ ಏನೂ ಕಾಣದು. 1400ರ ನಂತರ ರೇಖೆ ಗದ್ದಲವಾಯಿತು ಎನ್ನುವ ದೂರುಗಳಲ್ಲಿ ಬಹುಪಾಲಿಗೆ ದಪ್ಪ ಕ್ಯುವೆಟ್ ಕಾರಣ, ಡಿಟೆಕ್ಟರ್ ಅಲ್ಲ. 2200ರ ಬಳಿ ಸ್ಯಾಂಪಲ್‌ಗೆ ಸಂಬಂಧವಿಲ್ಲದ ಪೀಕ್ ಕಂಡರೆ ಕ್ಯುವೆಟ್‌ನ ಕ್ವಾರ್ಟ್ಸ್ ಅವಕೆಂಪಿನ ದರ್ಜೆಯದ್ದಲ್ಲ, ಅದರೊಳಗಿನ ಹೈಡ್ರಾಕ್ಸಿಲ್ ಹೀರುತ್ತಿದೆ.

800–900ರ ನಡುವೆ ರೇಖೆ ಮೆಟ್ಟಿಲಿನಂತೆ ಹಾರಿದರೆ ಅದು ಡಿಟೆಕ್ಟರ್ ಬದಲಾಗುವ ಜಾಗ. ಕ್ಯುವೆಟ್ ಸ್ವಲ್ಪ ವಾರೆ ಕೂತರೂ ಎರಡು ಡಿಟೆಕ್ಟರ್‌ಗಳು ಬೇರೆಬೇರೆ ಪ್ರಮಾಣದ ಬೆಳಕು ಕಾಣುತ್ತವೆ. ನೇರ ಕೂರಿಸಿ, ಚದುರಿಸುವ ಸ್ಯಾಂಪಲ್ ಆದರೆ ಸ್ಫಿಯರ್ ಬಳಸಿ.

ಕೊಬ್ಬಿನ ಬಗ್ಗೆ

ಕೊಬ್ಬಿನ ಮುಖ್ಯ ಗುರುತುಗಳು 930, 1210 ಮತ್ತು 1730 ನ್ಯಾ.ಮೀ. ಇವು ಮಸುಕಾಗಿ ಕಂಡರೆ ಕೊಬ್ಬು ಗಟ್ಟಿಯಾಗಿದೆ, ಹರಳುಗಳು ಬೆಳಕನ್ನು ಚದುರಿಸುತ್ತಿವೆ. ಕರಗಿಸಿ ತಿಳಿಯಾದ ಮೇಲೆ, ತಿಳಿಯಾಗಿ ಉಳಿಯುವ ಉಷ್ಣತೆಯಲ್ಲೇ ಅಳೆಯಿರಿ. 970ರ ಕಡೆ ಭುಜ ಇದ್ದರೆ ನೀರು ಪೂರ್ತಿ ಹೋಗಿಲ್ಲ. 450–480ರಲ್ಲಿ ಪೀಕ್‌ಗಳು ಕಂಡರೆ ಗಾಬರಿ ಬೇಡ, ಅದು ಕೊಬ್ಬಿನಲ್ಲಿ ಕರಗಿರುವ ಕ್ಯಾರೋಟಿನ್.

ಲಕ್ಷಣ: ಇಡೀ ಅಂಗಾಂಶದ ತುಣುಕು ಅತಿಯಾಗಿ ಹೀರುತ್ತಿದೆ

ಕ್ಯುವೆಟ್ ಬಿಟ್ಟು ನಿಜವಾದ ತುಣುಕಿಗೆ ಬಂದಾಗ ಕಷ್ಟ ಬೇರೆ ಮಟ್ಟದ್ದು. ಇಲ್ಲಿ ಬೆಳಕು ನೇರ ಹೋಗುವುದಿಲ್ಲ, ಅಂಗಾಂಶದೊಳಗೆ ಸುತ್ತಾಡಿ ಹೊರಬರುತ್ತದೆ. ಬೆಳಕಿನ ದಾರಿಯ ಉದ್ದ ತುಣುಕಿನ ದಪ್ಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಒಟ್ಟು ಪ್ರತಿಫಲನ, ಒಟ್ಟು ಪ್ರಸರಣ ಎರಡನ್ನೂ ಸ್ಫಿಯರ್‌ನಲ್ಲಿ ಅಳೆದು, 1993ರಲ್ಲಿ ಪ್ರಾಲ್, ವಾನ್ ಗೆಮರ್ಟ್ ಮತ್ತು ವೆಲ್ಚ್ ಪ್ರಕಟಿಸಿದ ಇನ್ವರ್ಸ್ ಆ್ಯಡಿಂಗ್-ಡಬ್ಲಿಂಗ್‌ನಂಥ ಲೆಕ್ಕದಿಂದ ಹೀರಿಕೆಯನ್ನೂ ಚದುರಿಕೆಯನ್ನೂ ಬಿಡಿಸಬೇಕು. ಇಂಥ ಪ್ರೋಗ್ರಾಂ ಕೊಟ್ಟ ಉತ್ತರವನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದು ಈ ಕೆಲಸದಲ್ಲಿ ನಾನು ಕಾಣುವ ಅತಿ ದೊಡ್ಡ ಅಪಾಯ.

650ರಿಂದ 850ರ ನಡುವೆ ಅಂಗಾಂಶ ಕಡಿಮೆ ಹೀರಬೇಕು. ಅಲ್ಲಿ ರೇಖೆ ಒಂದು ಮಟ್ಟಕ್ಕಿಂತ ಕೆಳಗಿಳಿಯಲು ಒಪ್ಪುತ್ತಿಲ್ಲವೇ? ಅಂಚಿನ ಸೋರಿಕೆಯನ್ನು ಮೊದಲು ಅನುಮಾನಿಸಿ. ಹೀರಿಕೆ ಕಡಿಮೆ ಇದ್ದಷ್ಟೂ ಬೆಳಕು ಪಕ್ಕಕ್ಕೆ ದೂರ ಅಲೆದು, ಸ್ಫಿಯರ್ ಬಾಯಿಯ ಹೊರಗೆ ಹೋಗಿಬಿಡುತ್ತದೆ. ಲೆಕ್ಕ ಅದನ್ನು ಹೀರಿಕೆ ಎಂದುಕೊಳ್ಳುತ್ತದೆ. ಬೆಳಕಿನ ಕಿರಣವನ್ನು ಕಿರಿದು ಮಾಡಿ, ಬಾಯಿ ಅಗಲವಿರುವ ಸ್ಫಿಯರ್ ಬಳಸಿ, ತುಣುಕನ್ನು ತೆಳುಮಾಡಿ ಮತ್ತೆ ಅಳೆಯಿರಿ. ದಪ್ಪ ಬದಲಾದರೆ ಹೀರಿಕೆ ಗುಣಾಂಕ ಬದಲಾಗಬಾರದು, ಬದಲಾದರೆ ಸೋರಿಕೆ ಖಚಿತ.

ಚದುರಿಕೆಯ ರೇಖೆಯನ್ನೂ ತೆಗೆದು ನೋಡಿ. ಅದು ತರಂಗಾಂತರ ಹೆಚ್ಚಿದಂತೆ ನುಣ್ಣಗೆ ಇಳಿಯಬೇಕು. 542 ಮತ್ತು 577ರಲ್ಲಿ ಅದರ ಮೇಲೂ ಗುಂಡಿ ಬಿದ್ದಿದ್ದರೆ ಹಿಮೋಗ್ಲೋಬಿನ್‌ನ ಹೀರಿಕೆ ಚದುರಿಕೆಯ ಲೆಕ್ಕಕ್ಕೆ ಸೋರಿದೆ, ಎರಡನ್ನೂ ಬೇರ್ಪಡಿಸುವಲ್ಲಿ ಸೋತಿದ್ದೀರಿ. ಏಕಕಿರಣದ ಸ್ಫಿಯರ್ ಆದರೆ ಇನ್ನೊಂದು ತೊಡಕು: ಬಿಳಿ ಮಾನಕ (ಪ್ರತಿಫಲನ ಗೊತ್ತಿರುವ ಹೋಲಿಕೆಯ ಫಲಕ) ತೆಗೆದು ಕಪ್ಪಗಿನ ತುಣುಕು ಇಟ್ಟ ಕೂಡಲೇ ಸ್ಫಿಯರ್‌ನ ಒಳಬೆಳಕೇ ತಗ್ಗುತ್ತದೆ, ಪ್ರತಿಫಲನ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಹಲವು ಮಟ್ಟದ ಬೂದು ಮಾನಕಗಳನ್ನಿಟ್ಟು ತಿದ್ದುಪಡಿ ಕಂಡುಕೊಳ್ಳಿ, ಇಲ್ಲವೇ ದ್ವಿಕಿರಣದ ಸ್ಫಿಯರ್ ಬಳಸಿ.

ಇಡೀ ವ್ಯವಸ್ಥೆಗೆ ಒಂದೇ ಪರೀಕ್ಷೆ ಮಾಡುವ ಅವಕಾಶವಿದ್ದರೆ ಇದನ್ನು ಮಾಡಿ. ಇಂಟ್ರಾಲಿಪಿಡ್ (ಬೆಳಕನ್ನು ಚದುರಿಸುವ, ಹಾಲಿನಂಥ ಕೊಬ್ಬಿನ ದ್ರವ) ಅನ್ನು ನೀರಿನಲ್ಲಿ ತೆಳುಮಾಡಿ, ಹೀರಿಕೆ ಮೊದಲೇ ಅಳೆದಿಟ್ಟ ಶಾಯಿಯನ್ನು ಹಂತಹಂತವಾಗಿ ಸೇರಿಸುತ್ತ ಹೋಗಿ. ಲೆಕ್ಕದಿಂದ ಬಂದ ಹೀರಿಕೆ ಶಾಯಿಯ ಪ್ರಮಾಣಕ್ಕೆ ತಕ್ಕಂತೆ ಸರಳರೇಖೆಯಲ್ಲಿ ಏರಬೇಕು. ಶಾಯಿ ಸೊನ್ನೆ ಇದ್ದಲ್ಲಿ ಆ ರೇಖೆ ನೀರಿನ ಹೀರಿಕೆಯನ್ನು ಮುಟ್ಟಬೇಕು, ಚದುರಿಕೆ ಅಲುಗಬಾರದು. ರೇಖೆ ಸರಳವಾಗಿದ್ದು ಮೇಲಕ್ಕೆ ಎದ್ದಿದ್ದರೆ ಸೋರಿಕೆ. ಬಾಗಿದ್ದರೆ ಸ್ಫಿಯರ್‌ನ ತಿದ್ದುಪಡಿ ತಪ್ಪಿದೆ.

ತುಣುಕು ಕೂಡ ಹೊತ್ತು ಕಳೆದಂತೆ ಬದಲಾಗುತ್ತದೆ. ಒಣಗಿದರೆ 970 ಮತ್ತು 1450ರ ಪೀಕ್ ತಗ್ಗುತ್ತದೆ. ಹೆಪ್ಪುಗಟ್ಟಿಸಿ ಕರಗಿಸಿದರೆ ರಕ್ತಕಣಗಳು ಒಡೆದು ಬಣ್ಣ ಹರಡುತ್ತದೆ. ಫಾರ್ಮಲಿನ್‌ನಲ್ಲಿಟ್ಟರೆ ಹಿಮೋಗ್ಲೋಬಿನ್ ಉತ್ಕರ್ಷಣಗೊಳ್ಳುತ್ತದೆ. ಪ್ಯಾರಾಫಿನ್‌ಗೆ ಕೂರಿಸಿದ್ದಾದರೆ ದ್ರಾವಕಗಳು ಕೊಬ್ಬನ್ನು ಆಗಲೇ ತೊಳೆದುಬಿಟ್ಟಿರುತ್ತವೆ, ಅದರಲ್ಲಿ 1730ರ ಪೀಕ್ ಹುಡುಕಿ ಫಲವಿಲ್ಲ. ಮೊದಲ ಸ್ಕ್ಯಾನ್ ಅನ್ನು ಕೊನೆಯಲ್ಲಿ ಇನ್ನೊಮ್ಮೆ ಓಡಿಸಿ ಹೋಲಿಸುವುದು ಕಡ್ಡಾಯ.

ಮಧ್ಯ ಅವಕೆಂಪು: ಎಫ್‌ಟಿಐಆರ್‌ನಲ್ಲಿ

ಎಫ್‌ಟಿಐಆರ್ ಎಂದರೆ ಫೋರಿಯರ್ ರೂಪಾಂತರ ಬಳಸುವ ಅವಕೆಂಪು ರೋಹಿತಮಾಪನ. ಇಲ್ಲಿ ಅಳತೆ ತರಂಗಸಂಖ್ಯೆಯಲ್ಲಿ, ಪ್ರತಿ ಸೆಂ.ಮೀ.ಗೆ ಎಷ್ಟು ಅಲೆ ಎಂಬ ಲೆಕ್ಕ. ಪ್ರೋಟೀನ್‌ನ ಪೆಪ್ಟೈಡ್ ಬಂಧದ ಎರಡು ಪೀಕ್‌ಗಳಲ್ಲಿ ಅಮೈಡ್ ಒಂದು 1650ರಲ್ಲಿ, ಅಮೈಡ್ ಎರಡು 1550ರಲ್ಲಿ. ನೀರಿನ ಬಾಗುಕಂಪನವೂ 1640ರ ಬಳಿ, ಅಮೈಡ್ ಒಂದರ ಮೇಲೆಯೇ ಕೂತಿದೆ. ನೀರನ್ನು ಹೆಚ್ಚು ಕಳೆದರೆ ಅಮೈಡ್ ಒಂದು ಕುಗ್ಗಿ ಅಮೈಡ್ ಎರಡಕ್ಕಿಂತ ಚಿಕ್ಕದಾಗುತ್ತದೆ. ಎಷ್ಟು ಕಳೆಯಬೇಕೆಂದು ಅಮೈಡ್ ನೋಡಿ ನಿರ್ಧರಿಸಬೇಡಿ, ನೀರಿಗೆ ಮಾತ್ರ ಸೇರಿದ 2125ರ ಅಗಲ ಪೀಕ್ ಮಟ್ಟಸವಾಗುವವರೆಗೆ ಕಳೆಯಿರಿ. ವಜ್ರದ ಎಟಿಆರ್‌ನಲ್ಲಿ (ಸ್ಯಾಂಪಲ್ ಅನ್ನು ಹರಳಿಗೆ ಒತ್ತಿ ಅಳೆಯುವ ಜೋಡಣೆ) ಅದೇ ಜಾಗದಲ್ಲಿ ವಜ್ರವೂ ಹೀರುವುದರಿಂದ ಹಿನ್ನೆಲೆ ಸ್ಕ್ಯಾನ್ ತಾಜಾ ಇರಬೇಕು.

1400–1800ರ ಮೇಲೆ ಸೂಜಿಮೊನೆಯಂಥ ಗೆರೆಗಳು ನೀರಾವಿಯವು, 2350ರ ಜೋಡಿ ಗಾಳಿಯ ಇಂಗಾಲದ ಡೈಆಕ್ಸೈಡ್. ಒಣ ಗಾಳಿ ಅಥವಾ ನೈಟ್ರೋಜನ್ ಹರಿಸಿ ಅವು ಹೋಗುವವರೆಗೆ ಕಾಯಿರಿ. ಒದ್ದೆ ಅಂಗಾಂಶಕ್ಕೆ ಉಪ್ಪಿನ ಅಥವಾ ಪೊಟ್ಯಾಸಿಯಂ ಬ್ರೋಮೈಡ್‌ನ ಕಿಟಕಿ ಹಾಕಿದರೆ ಕಿಟಕಿಯೇ ಕರಗುತ್ತದೆ, ಕ್ಯಾಲ್ಸಿಯಂ ಫ್ಲೋರೈಡ್ ಬಳಸಿ. ಒಂಟಿ ಕೋಶಗಳ ರೋಹಿತದಲ್ಲಿ ಬೇಸ್‌ಲೈನ್ ಅಲೆಯಂತೆ ಏರಿಳಿದು ಅಮೈಡ್ ಒಂದು ಕೆಳಗಿನ ಸಂಖ್ಯೆಯ ಕಡೆ ಜಾರಿದ್ದರೆ ಪ್ರೋಟೀನ್ ರಚನೆ ಬದಲಾಯಿತೆಂದು ಬರೆಯುವ ಆತುರ ಬೇಡ. ಕೋಶದ ಗಾತ್ರ ಬೆಳಕಿನ ತರಂಗಾಂತರದ ಆಸುಪಾಸು ಇರುವಾಗ ಚದುರಿಕೆಯೇ ಆ ಜಾರಿಕೆ ಉಂಟುಮಾಡುತ್ತದೆ.

ಲಕ್ಷಣ: ಆಕಾರ ಸರಿ, ಸಂಖ್ಯೆ ತಪ್ಪು

ರೇಖೆಯ ಆಕಾರ ಪ್ರಕಟಿತ ರೋಹಿತಕ್ಕೆ ತಾಳೆಯಾಗಿ, ಎತ್ತರ ಮಾತ್ರ ಒಂದೇ ಗುಣಕದಿಂದ ತಪ್ಪಿದ್ದರೆ ಯಂತ್ರ ಮುಟ್ಟಬೇಡಿ, ಆ ಗುಣಕ ಎಷ್ಟೆಂದು ನೋಡಿ. 2.303 ಬಂದರೆ ಹತ್ತರ ಲಾಗರಿದಮ್ ಮತ್ತು ಸಹಜ ಲಾಗರಿದಮ್ ಅದಲುಬದಲಾಗಿವೆ: ಸ್ಪೆಕ್ಟ್ರೋಫೋಟೋಮೀಟರ್ ಕೊಡುವುದು ಮೊದಲನೆಯದು, ಅಂಗಾಂಶದೊಳಗಿನ ಬೆಳಕಿನ ಲೆಕ್ಕಗಳು ಬಳಸುವುದು ಎರಡನೆಯದು. 4 ಬಂದರೆ ಒಂದು ಹೀಮ್‌ಗೆ (ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಹೊತ್ತ ಭಾಗ) ಲೆಕ್ಕ ಹಾಕಿದ ಗುಣಾಂಕವನ್ನು ನಾಲ್ಕು ಹೀಮ್‌ಗಳ ಇಡೀ ಅಣುವಿಗೆ ಹಚ್ಚಿದ್ದೀರಿ, ಅಥವಾ ಅದರ ಉಲ್ಟಾ. 10 ಬಂದರೆ ಸೆಂ.ಮೀ., ಮಿ.ಮೀ. ಗೊಂದಲ. ಕಷ್ಟವಾಗುವುದು 9ರ ಚಿಲ್ಲರೆ ಬಂದಾಗ. ಅದನ್ನು 10 ಎಂದುಕೊಂಡು ಮಾನ ಬದಲಿಸಿಬಿಡುತ್ತಾರೆ. ಆದರೆ 2.303 ಮತ್ತು 4 ಎರಡೂ ಒಟ್ಟಿಗೆ ತಪ್ಪಿದರೆ ಬರುವುದು 9.2. ಮಾನ ಬದಲಿಸಿದರೆ ಎರಡು ತಪ್ಪು ಮೂರಾಗುತ್ತವೆ, ಉತ್ತರ ಮಾತ್ರ ಸರಿಯಿದ್ದಂತೆ ಕಾಣುತ್ತದೆ.

ತಾಳೆ ನೋಡಲು ಒಂದು ಸಂಖ್ಯೆ ಇಟ್ಟುಕೊಳ್ಳಿ. ಲೀಟರಿಗೆ 150 ಗ್ರಾಂ ಹಿಮೋಗ್ಲೋಬಿನ್ ಇದ್ದರೆ, ಆಮ್ಲಜನಕ ಹೆಚ್ಚುಕಡಿಮೆಯ ಗೊಡವೆ ಬಹುಮಟ್ಟಿಗೆ ಇಲ್ಲದ 800 ನ್ಯಾ.ಮೀ.ನಲ್ಲಿ, ಸಹಜ ಲಾಗರಿದಮ್ ಲೆಕ್ಕದ ಹೀರಿಕೆ ಗುಣಾಂಕ ಪ್ರತಿ ಸೆಂ.ಮೀ.ಗೆ 4.4ರ ಸುಮಾರು ಬರಬೇಕು. ಬರದಿದ್ದರೆ ಮೇಲಿನ ಗುಣಕಗಳಲ್ಲಿ ಯಾವುದು ತಪ್ಪಿದೆ ಎಂದು ಒಂದೊಂದಾಗಿ ಹಚ್ಚಿ ನೋಡಿ.

ದತ್ತಾಂಶದ ಫೈಲ್ ಉಳಿಸುವಾಗ ರೇಖೆಯ ಜೊತೆಗೆ ದಾರಿಯ ಉದ್ದ, ತೆಳುಮಾಡಿದ ಪ್ರಮಾಣ, ಬ್ಲಾಂಕ್‌ನಲ್ಲಿ ಏನಿತ್ತು, ಉಷ್ಣತೆ, ಬ್ಯಾಂಡ್‌ವಿಡ್ತ್, ಪಿಎಚ್, ಯಾವ ಲಾಗರಿದಮ್, ಹೀಮ್‌ಗೋ ಇಡೀ ಅಣುವಿಗೋ ಎಂಬುದನ್ನು ಅದೇ ಫೈಲಿನ ತಲೆಯಲ್ಲಿ ಬರೆಯಿರಿ. ತಿದ್ದುಪಡಿ ಮಾಡಿದ ರೇಖೆಯ ಪಕ್ಕದಲ್ಲಿ ಮುಟ್ಟದ ಮೂಲ ರೇಖೆಯನ್ನೂ ಇಡಿ. ಮುಂದೆ ಯಾರಾದರೂ ನಿಮ್ಮ ಸಂಖ್ಯೆಯಲ್ಲಿ ತಪ್ಪು ಹುಡುಕಬೇಕಾಗಿ ಬಂದರೆ ಅವರಿಗೆ ಬೇಕಾಗುವುದು ಇವೇ.